ಮನೆಮದ್ದಿಗೊಂದು ಬೇಲಿ ಇರಲಿ

ಆಟಿ ಅಮಾವಾಸ್ಯೆಯ ದಿನ ಕರಾವಳಿಯ ಮನೆಗಳಲ್ಲಿ ಹಾಲೆ ಮರದ ಕಷಾಯ ಕುಡಿಯುವುದು ಹಳೆಯ ಪದ್ಧತಿ. ತುಳುವರು ಪಾಲೆ ಎನ್ನುವ ಈ ಮರದ ಕೆತ್ತೆಯನ್ನು ಸೂರ್ಯ ಹುಟ್ಟುವ ಮೊದಲೇ ಕಲ್ಲಿನಿಂದ ಜಜ್ಜಿ ತೆಗೆಯುತ್ತಾರೆ, ಕತ್ತಿ ತಾಗಿಸುವುದಿಲ್ಲ. ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದು ರಸ ಹಿಂಡುತ್ತಾರೆ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಚುಂಯ್ ಎನ್ನಿಸುತ್ತಾರೆ. ಖಾಲಿ ಹೊಟ್ಟೆಗೆ ತಲೆಗೊಂದು ಸಣ್ಣ ಲೋಟ, ಆಮೇಲೆ ಮೈ ತಂಪಾಗಲೆಂದು ಮೆಂತೆ ಗಂಜಿ. ಅಲ್ಲಿಗೆ ಮುಗಿಯಿತು, ಮತ್ತೆ ಅದರ ಮಾತು ಮುಂದಿನ ಆಟಿಗೇ. ಈ ಕಷಾಯದ ಗುಣ ಎಷ್ಟೆಂದು ವಾದ ಮಾಡಬಹುದು. ಆದರೆ ಅದರ ಸುತ್ತ ಇರುವ ಕಟ್ಟುಪಾಡನ್ನು ನೋಡಿ: ಯಾವ ಮರ, ಎಷ್ಟು ಪ್ರಮಾಣ, ವರ್ಷಕ್ಕೆ ಎಷ್ಟು ಸಲ, ಮೇಲೆ ಏನು ಉಣ್ಣಬೇಕು, ಎಲ್ಲವೂ ಗೊತ್ತುಮಾಡಿಟ್ಟಿದ್ದು. ಇಷ್ಟಿದ್ದೂ ಆಟಿ ಬಂತೆಂದರೆ ತಿಳಿದವರು ಒಂದು ಎಚ್ಚರಿಕೆ ಹೇಳುತ್ತಲೇ ಇರುತ್ತಾರೆ. ನಸುಕಿನ ಕತ್ತಲಲ್ಲಿ ಹಾಲೆಯೆಂದು ಕಾಸರಕದ ತೊಗಟೆ ತಂದರೆ ಜೀವಕ್ಕೇ ಅಪಾಯ, ಏಕೆಂದರೆ ಕಾಸರಕದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಉಗ್ರ ವಿಷ. ಹಾಲೆಯ ಕೊಂಬೆಯಲ್ಲಿ ಎಲೆಗಳು ಒಂದೇ ಗೆಣ್ಣಿನ ಸುತ್ತ ಐದೋ ಏಳೋ ಒಟ್ಟಾಗಿ ಹರಡಿರುತ್ತವೆ, ತೊಗಟೆ ಕೆತ್ತಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಹಾಲು ಬರುವುದಿಲ್ಲ. ಎರಡರ ತೊಗಟೆಯೂ ಕಹಿ. ನಾಲಿಗೆಯನ್ನು ನಂಬಿದವರು ಮೋಸಹೋಗುತ್ತಾರೆ.

ಮನೆಯವರ ಆರೋಗ್ಯಕ್ಕೆ ಗಿಡಮೂಲಿಕೆ ಬಳಸಲು ಕಲಿಯಬೇಕೆನ್ನುವವರಿಗೆ ಈ ಒಂದು ಉದಾಹರಣೆಯಲ್ಲೇ ಪಾಠವಿದೆ. ಮನೆಮದ್ದು ಕಲಿಯುವುದೆಂದರೆ ಪಾಕವಿಧಾನ ಕಲೆಹಾಕುವುದಲ್ಲ, ಅದರ ಎಲ್ಲೆ ಕಲಿಯುವುದು. ಗಿಡದ ಗುರುತು, ಪ್ರಮಾಣ, ಎಷ್ಟು ದಿನ, ಯಾವಾಗ ಕೈಬಿಡಬೇಕು ಎಂಬ ನಾಲ್ಕು ಸೇರಿದರೆ ಮಾತ್ರ ಅದು ವಿದ್ಯೆ. ಇಂದು ವಾಟ್ಸ್‌ಆ್ಯಪ್‌ನಲ್ಲಿ, ಯೂಟ್ಯೂಬಿನಲ್ಲಿ ಹರಿದಾಡುವ ಮದ್ದುಗಳಿಗೆ ಪಾಕವಿಧಾನವಷ್ಟೇ ಇದೆ, ಈ ನಾಲ್ಕೂ ದಾರಿಯಲ್ಲೇ ಉದುರಿಹೋಗಿವೆ. ‘ದಿನಾ ಬೆಳಿಗ್ಗೆ ಕುಡಿಯಿರಿ, ಸಕ್ಕರೆ ಕಾಯಿಲೆ ಮಾಯ’ ಎನ್ನುವ ಸಂದೇಶದಲ್ಲಿ ಎಷ್ಟು ದಿನ ಎಂಬುದಿಲ್ಲ, ಯಾರು ಕುಡಿಯಬಾರದು ಎಂಬುದೂ ಇಲ್ಲ. ಹಾಗಾಗಿ ನನ್ನ ವಾದ ಇಷ್ಟೇ: ಮನೆಮದ್ದು ಚಿಕ್ಕದಾಗಿ ಉಳಿದರೆ ಮಾತ್ರ ಒಳ್ಳೆಯದು. ಕೆಲವೇ ಗಿಡಗಳು, ಕೆಲವೇ ತೊಂದರೆಗಳು, ಕೆಲವೇ ದಿನಗಳು. ಈ ಎಲ್ಲೆಯೊಳಗೆ ಅದಕ್ಕೆ ನಿಜವಾದ ಬೆಲೆ ಇದೆ. ಎಲ್ಲೆ ದಾಟಿದರೆ ಅದೇ ಅಪಾಯ.

ಮೊದಲು ಕೇಳಬೇಕಾದ ಪ್ರಶ್ನೆ, ಮದ್ದು ಫಲಿಸಿತೆಂದು ನಮಗೆ ತಿಳಿಯುವುದು ಹೇಗೆ? ನೆಗಡಿ ವಾರದೊಳಗೆ ಹೇಗೂ ಇಳಿಯುತ್ತದೆ; ಮೂರನೆಯ ದಿನ ಏನು ಕುಡಿದಿದ್ದೆವೋ ಅದಕ್ಕೆ ಹೆಸರು ಬರುತ್ತದೆ. ಕಾಮಾಲೆಯ ವಿಷಯವೂ ಹೀಗೆಯೇ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ವಾಸಿಯಾಗುತ್ತದೆ, ಕೀರ್ತಿ ನೆಲನೆಲ್ಲಿಗೆ ಸಲ್ಲುತ್ತದೆ. ಆದರೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಕಣ್ಣು ಹಳದಿಯಾದವರಿಗೂ ಅದೇ ಮದ್ದು ಸಿಕ್ಕಿದರೆ ಕಳೆದುಹೋಗುವುದು ಅಮೂಲ್ಯವಾದ ಸಮಯ. ಹಾವಿನ ಕಡಿತದಲ್ಲಿ ಇದು ಇನ್ನೂ ಸ್ಪಷ್ಟ. ನಮ್ಮ ಸುತ್ತಲಿನ ಹೆಚ್ಚಿನ ಹಾವುಗಳಿಗೆ ವಿಷವಿಲ್ಲ, ವಿಷದ ಹಾವೂ ಪ್ರತಿ ಸಲ ವಿಷ ಬಿಡುವುದಿಲ್ಲ. ಆದ್ದರಿಂದ ಯಾವ ಬೇರು ಅರೆದು ಕುಡಿಸಿದರೂ ಬದುಕಿದವರ ಸಂಖ್ಯೆ ದೊಡ್ಡದಾಗಿಯೇ ಕಾಣುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಿಜವಾಗಿ ವಿಷ ಬಿಟ್ಟಾಗ ಕಾಯುವುದು ಪ್ರತಿವಿಷದ ಚುಚ್ಚುಮದ್ದು ಮಾತ್ರ. ತಾನಾಗಿ ಗುಣವಾಗುವ ರೋಗಕ್ಕೆ ಎಲ್ಲ ಮದ್ದೂ ರಾಮಬಾಣ. ‘ನಮ್ಮನೇಲಿ ಫಲಿಸಿದೆ’ ಎಂಬ ಸಾಕ್ಷಿಯನ್ನು ತೂಗುವಾಗ ಈ ಮಾತು ನೆನಪಿರಬೇಕು.

ಹಾಗೆಂದು ಮನೆಮದ್ದೆಲ್ಲ ಭ್ರಮೆಯಲ್ಲ. ಪರೀಕ್ಷೆಗೆ ಒಡ್ಡಿಕೊಂಡು ಗೆದ್ದವೂ ಇವೆ. ಮಕ್ಕಳ ಕೆಮ್ಮಿಗೆ ಜೇನುತುಪ್ಪ ಅಂಥದ್ದು. ಏನೂ ಕೊಡದಿರುವುದಕ್ಕಿಂತ ಜೇನು ಮೇಲೆಂದು ಪ್ರಯೋಗಗಳು ತೋರಿಸಿವೆ. 2018ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯೂ ಸಾಮಾನ್ಯ ಕೆಮ್ಮಿಗೆ ಆ್ಯಂಟಿಬಯೋಟಿಕ್‌ಗೆ ಮೊದಲು ಜೇನು ಎಂದಿತು. ಆದರೆ ವರ್ಷ ತುಂಬದ ಮಗುವಿಗೆ ಒಂದು ಹನಿಯೂ ಬೇಡ. ಜೇನಿನಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಣಗಳನ್ನು ತಡೆಯುವ ಶಕ್ತಿ ಎಳೆಗೂಸಿನ ಕರುಳಿಗಿಲ್ಲ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಮುಟ್ಟಿಸುವ ಶಾಸ್ತ್ರವನ್ನು ಈ ಕಾರಣಕ್ಕೇ ಬಿಡಬೇಕು. ಬಸುರಿಯ ವಾಕರಿಕೆಗೆ ಶುಂಠಿ, ಮಲಬದ್ಧತೆಗೆ ಸಾಕಷ್ಟು ನೀರಿನೊಂದಿಗೆ ಇಸಬಗೋಲು, ಇವಕ್ಕೂ ಪ್ರಯೋಗಗಳ ಬೆಂಬಲವಿದೆ. ಆದರೆ ಮನೆಯಲ್ಲೇ ಮಾಡಬಹುದಾದ ಮದ್ದುಗಳಲ್ಲಿ ಅತಿ ಹೆಚ್ಚು ಜೀವ ಉಳಿಸಿದ್ದು ಯಾವ ಗಿಡವೂ ಅಲ್ಲ, ಉಪ್ಪು ಸಕ್ಕರೆ ಬೆರೆಸಿದ ನೀರು. 1971ರ ಯುದ್ಧದ ವೇಳೆ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿದಾಗ, ಡಾ. ದಿಲೀಪ್ ಮಹಲನಬೀಸ್ ಅವರು ರೋಗಿಗಳ ಬಂಧುಗಳ ಕೈಯಲ್ಲೇ ಈ ನೀರು ಕುಡಿಸಿದರು. ಅಲ್ಲಿಯವರೆಗೆ ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ಮಟ್ಟವಾಗಿರಬೇಕು, ಗುಡ್ಡೆಯಾಗಿರಬಾರದು. ಉಪ್ಪು ಹಾಕಿದ ತೆಳುಗಂಜಿಯೂ ಇದೇ ಕೆಲಸ ಮಾಡುತ್ತದೆ. ಇಲ್ಲೂ ಅಳತೆಯೇ ಮದ್ದು: ಉಪ್ಪು ಹೆಚ್ಚಾದರೆ ಮಗುವಿಗೆ ಅದೇ ಕೆಡುಕು.

ನಮ್ಮ ಹಿತ್ತಲಿನ ಸಸ್ಯಗಳ ಅತಿ ಸುರಕ್ಷಿತ ಬಳಕೆ ಇರುವುದು ಕಷಾಯದ ಪಾತ್ರೆಯಲ್ಲಲ್ಲ, ಊಟದ ಎಲೆಯಲ್ಲಿ. ಮಲೆನಾಡಿನ ತಂಬುಳಿಯನ್ನೇ ತೆಗೆದುಕೊಳ್ಳಿ. ಎಂಟ್ಹತ್ತು ದೊಡ್ಡಪತ್ರೆ ಎಲೆಯನ್ನು ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಂದಿಗೆ ನುಣ್ಣಗೆ ಅರೆದು ಮಜ್ಜಿಗೆಗೆ ಕಲಸಿದರೆ ಮುಗಿಯಿತು. ದೊಡ್ಡಪತ್ರೆಯ ಘಾಟಿಗೆ ಕಾರಣವಾದ ಕಾರ್ವಕ್ರಾಲ್, ಓಮಕಾಳಿನ ಥೈಮಾಲ್‌ಗೆ ತೀರ ಹತ್ತಿರದ ಬಂಧು. ಶೀತವಾದಾಗ ಎರಡೂ ಹಿತವೆನಿಸುವುದರಲ್ಲಿ ಅಚ್ಚರಿಯಿಲ್ಲ. ಒಂದೆಲಗ, ನೆಲ್ಲಿ, ದಾಳಿಂಬೆ ಸಿಪ್ಪೆ, ಪುನರ್ಪುಳಿ, ಹೀಗೆ ಋತುವಿಗೆ ತಕ್ಕಂತೆ ತಂಬುಳಿ, ಸಾರು ಬದಲಾಗುತ್ತವೆ. ಊಟದಲ್ಲಿ ಸೇರುವ ಪ್ರಮಾಣ ತಾನಾಗಿಯೇ ಮಿತಿಯಲ್ಲಿರುತ್ತದೆ. ಒಂದೇ ಸೊಪ್ಪನ್ನು ತಿಂಗಳುಗಟ್ಟಲೆ ಯಾರೂ ಉಣ್ಣುವುದಿಲ್ಲ. ಅದೇ ಸೊಪ್ಪು ಪುಡಿಯಾಗಿ ಡಬ್ಬಿ ಸೇರಿ, ದಿನಕ್ಕೆ ಎರಡು ಚಮಚ ಎಂದಾದಾಗ ಈ ಮಿತಿ ಕಳಚಿಬೀಳುತ್ತದೆ.

‘ಗಿಡಮೂಲಿಕೆಯಲ್ಲವೇ, ಗುಣ ಆಗದಿದ್ದರೂ ತೊಂದರೆಯಂತೂ ಇಲ್ಲ’ ಎನ್ನುವವರಿಗೆ ಅಮೃತಬಳ್ಳಿ ಉತ್ತರ ಕೊಟ್ಟಿದೆ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಮನೆಮನೆಯಲ್ಲೂ ಇದರ ಕಷಾಯ ಕುದಿಯಿತು. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿದ್ದ ಆರು ಮಂದಿಯಲ್ಲಿ ಯಕೃತ್ತಿನ ಹಾನಿಯನ್ನು ವರದಿ ಮಾಡಿದರು; ಮರುವರ್ಷ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವಿವರ ಪ್ರಕಟವಾಯಿತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಬಳ್ಳಿಯ ಗುರುತೇ ಖಚಿತವಿಲ್ಲ, ಅದನ್ನೇ ಹೋಲುವ ಬೇರೆ ಜಾತಿ ಬಳಸಿರಬಹುದು ಎಂದಿತು. ಯಾರ ಮಾತು ಸರಿಯಾದರೂ ಮನೆಯವರಿಗೆ ಪಾಠ ಒಂದೇ: ಗಿಡ ಸರಿಯಿದ್ದರೆ ಅವಧಿಯ ಎಚ್ಚರ ಬೇಕು, ಗಿಡ ತಪ್ಪಿದ್ದರೆ ಗುರುತಿನ ಎಚ್ಚರ ಬೇಕು. ಗಂಟಲಿಗೆ ಹಿತವಾದ ಜ್ಯೇಷ್ಠಮಧುವನ್ನು ವಾರಗಟ್ಟಲೆ ಅಗಿದರೆ ರಕ್ತದೊತ್ತಡ ಏರುತ್ತದೆ, ದೇಹದ ಪೊಟ್ಯಾಸಿಯಂ ಇಳಿಯುತ್ತದೆ. ಮೂಗು ಕಟ್ಟಿದ ಕೂಸಿನ ಎದೆಗೆ ತಿಕ್ಕುವ ಕರ್ಪೂರ ಫಿಟ್ಸ್ ತರಬಲ್ಲದು. ಕಾಳುಮೆಣಸಿನಂಥ ಸಾಧುವೂ ಸುಮ್ಮನಿರುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಣಸಿನ ಸಾರವಾದ ಪೈಪರೀನ್ ಬರೀ 20 ಮಿಲಿಗ್ರಾಂ ಸೇರಿಸಿದಾಗ ಅರಿಶಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಹೆಚ್ಚಿತು. ಇದನ್ನು ಅರಿಶಿನದ ಹಿರಿಮೆಯೆಂದು ಹಂಚಿಕೊಳ್ಳುವವರು ಅದರ ಇನ್ನೊಂದು ಮುಖ ಮರೆಯುತ್ತಾರೆ. ಅರಿಶಿನವನ್ನು ಒಳಬಿಡುವ ಮೆಣಸು, ಅಪಸ್ಮಾರಕ್ಕೆ ನುಂಗುವ ಮಾತ್ರೆಯ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು. ಸಾರಿನ ಮೆಣಸಿಗೆ ಹೆದರಬೇಕಿಲ್ಲ. ಸಾಂದ್ರೀಕರಿಸಿದ ಕ್ಯಾಪ್ಸೂಲ್‌ಗೆ ಹೆದರಬೇಕು. ಸಕ್ಕರೆ ಕಾಯಿಲೆಗೋ ರಕ್ತ ಹೆಪ್ಪುಗಟ್ಟದಂತೆಯೋ ಮಾತ್ರೆ ತೆಗೆದುಕೊಳ್ಳುವ ಹಿರಿಯರಿರುವ ಮನೆಯಲ್ಲಂತೂ ಹೊಸ ಕಷಾಯ ಶುರುವಾಗುವ ಮೊದಲು ವೈದ್ಯರಿಗೆ ತಿಳಿಸಲೇಬೇಕು.

‘ಸಾವಿರಾರು ವರ್ಷ ಬಳಸಿದ್ದು ತಪ್ಪಾದೀತೇ’ ಎಂಬುದು ಇನ್ನೊಂದು ಮಾತು. ದೀರ್ಘ ಬಳಕೆಯಿಂದ ತಿಳಿಯುವುದು ಬೇಗ ಕಾಣುವ ಪರಿಣಾಮ: ತಿಂದ ಸಂಜೆಯೇ ವಾಂತಿಯಾದರೆ ಊರಿಗೆಲ್ಲ ಗೊತ್ತಾಗುತ್ತದೆ. ಹತ್ತಿಪ್ಪತ್ತು ವರ್ಷ ಕಳೆದು ಕೆಡುವ ಮೂತ್ರಪಿಂಡಕ್ಕೂ ಅಂದು ಕುಡಿದ ಬೇರಿಗೂ ನಂಟು ಹಾಕುವುದು ಯಾವ ಅಜ್ಜಿಗೂ ಸಾಧ್ಯವಿರಲಿಲ್ಲ. ಹಾವಿನ ವಿಷಕ್ಕೆಂದು ಹೆಸರಾದ ಈಶ್ವರಿ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ ಎಂಬುದು ಈಗ ಖಚಿತವಾಗಿದೆ. ಕೂಸಿನ ಹೊಟ್ಟೆನೋವಿಗೆಂದು ತೇಯ್ದು ನೆಕ್ಕಿಸುವ ಬಜೆಯಲ್ಲಿ ಬೀಟಾ ಅಸರೋನ್ ಇದೆ. ಅದು ಇಲಿಗಳಲ್ಲಿ ಗಡ್ಡೆ ತಂದದ್ದನ್ನು ಕಂಡು ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆಯನ್ನು ನಿಷೇಧಿಸಿತು. ಪರಂಪರೆಗೆ ಗೌರವ ಕೊಡುವುದೆಂದರೆ ಅದರ ತಪ್ಪುಗಳನ್ನೂ ಪೂಜಿಸುವುದಲ್ಲ. ಆಯುರ್ವೇದವೂ ಹಾಗೆ ಹೇಳಿಲ್ಲ. ದತ್ತೂರಿ, ಕಾಸರಕಗಳಂಥ ಗಿಡಗಳನ್ನು ಅದು ವಿಷವೆಂದೇ ಬೇರೆಯಿಟ್ಟು, ಶುದ್ಧಿ ಮಾಡದೆ ಬಳಸಬಾರದೆಂದಿತು. ಆ ಶಾಸ್ತ್ರದಲ್ಲಿ ಪಥ್ಯ, ಕಾಲ, ವಯಸ್ಸುಗಳ ಲೆಕ್ಕಾಚಾರ ಇದ್ದದ್ದಕ್ಕೇ ಅದಕ್ಕೆ ವೈದ್ಯರು ಬೇಕಾದರು.

ಇತ್ತ ಕೆಲವು ವೈದ್ಯರ ವಾದ ಇದಕ್ಕೆ ತಿರುಗುಮುರುಗು: ಹೇಗೂ ತಾನಾಗಿ ಗುಣವಾಗುವ ಕಾಯಿಲೆಗೆ ಈ ಉಪಚಾರವೇಕೆ? ಉತ್ತರ ಸರಳ. ಮನೆಯಲ್ಲಿ ಮಗು ಕೆಮ್ಮುತ್ತಿದ್ದರೆ ಯಾರೂ ಕೈಕಟ್ಟಿ ಕೂರಲಾರರು. ಮಾಡಲು ಏನೂ ಇಲ್ಲವೆಂದಾಗ ಅಪ್ಪ ಅಮ್ಮಂದಿರು ಮೆಡಿಕಲ್ ಶಾಪಿಗೆ ಓಡಿ, ಹಿಂದಿನ ಸಲದ ಚೀಟಿ ತೋರಿಸಿ ಆ್ಯಂಟಿಬಯೋಟಿಕ್ ತರುತ್ತಾರೆ. ಹೆಚ್ಚಿನ ಶೀತ ಕೆಮ್ಮಿಗೆ ಕಾರಣ ವೈರಸ್; ಅದರ ಮೇಲೆ ಆ ಮಾತ್ರೆಗೆ ಕೆಲಸವಿಲ್ಲ. ಹೀಗೆ ಬೇಕಾಬಿಟ್ಟಿ ನುಂಗಿದ ಮಾತ್ರೆಗಳಿಂದಲೂ ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾಗಳು ಬೆಳೆದಿವೆ. ಧನಿಯಾ ಜೀರಿಗೆಯ ಬಿಸಿ ಕಷಾಯ ವೈರಸ್ಸನ್ನು ಕೊಲ್ಲದೇ ಇರಬಹುದು. ಗಂಟಲಿಗೆ ಹಿತ, ಮೈಗೆ ನೀರು, ಮನಸ್ಸಿಗೆ ಸಮಾಧಾನ ಕೊಟ್ಟು, ದೇಹ ತನ್ನ ಕೆಲಸ ತಾನು ಮುಗಿಸುವ ಮೂರು ದಿನ ನಮ್ಮನ್ನು ಕಾಯಿಸುತ್ತದೆ. ಅಷ್ಟು ಮಾಡಿದರೆ ಅದು ಸಾರ್ಥಕ.

ಹಾಗಾದರೆ ಕಲಿಯುವುದು ಹೇಗೆ? ಮೊದಲು ಗುರುತು. ಹೆಸರು ಕೇಳಿ ಗಿಡ ತರಬಾರದು, ಒಂದೇ ಹೆಸರಿಗೆ ಊರೂರಿಗೆ ಬೇರೆ ಗಿಡವಿರುತ್ತದೆ. ಎಲೆಯ ಜೋಡಣೆ, ಕಾಂಡ, ಹೂವು, ಕಾಯಿ ನೋಡಿ ಗುರುತಿಸುವುದನ್ನು ಕನ್ನಡದಲ್ಲೇ ರಸವತ್ತಾಗಿ ಕಲಿಸಿದವರು ಬಿ.ಜಿ.ಎಲ್. ಸ್ವಾಮಿ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ ‘ಹಸುರು ಹೊನ್ನು’ ಇಂದಿಗೂ ಒಳ್ಳೆಯ ಮೊದಲ ಪಾಠ. ಬೆಂಗಳೂರಿನ ಯಲಹಂಕ ಬಳಿಯ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಮನೆಯಂಗಳದ ಮೂಲಿಕೆ ತೋಟವನ್ನು ಬಹಳ ಕಾಲದಿಂದ ಪ್ರಚುರಪಡಿಸುತ್ತ ಬಂದಿದೆ. ಅಲ್ಲಿಂದ ಕಲಿಯಬಹುದಾದದ್ದು, ಕುಂಡದಲ್ಲಿ ನಾವೇ ನೆಟ್ಟ ಗಿಡಕ್ಕಿಂತ ಖಚಿತ ಗುರುತು ಇನ್ನೊಂದಿಲ್ಲ ಎಂಬುದು. ತುಳಸಿ, ದೊಡ್ಡಪತ್ರೆ, ಒಂದೆಲಗ, ಶುಂಠಿ, ಅರಿಶಿನ, ಲೋಳೆಸರ, ಇಷ್ಟು ಸಾಕು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಗಿಡಕ್ಕೂ ನಾಲ್ಕು ಅಂಕಣ ಬರೆಯಿರಿ: ಗುರುತು, ಪ್ರಮಾಣ, ಎಷ್ಟು ದಿನ, ಯಾರಿಗೆ ಮತ್ತು ಯಾವಾಗ ಬೇಡ. ಒಂದು ಅಂಕಣ ಖಾಲಿ ಉಳಿದರೂ ಆ ಮದ್ದು ನಿಮಗಿನ್ನೂ ಬಂದಿಲ್ಲ ಎಂದೇ ಅರ್ಥ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಆಸ್ಪತ್ರೆ ದೂರ, ಖರ್ಚು ಹೆಚ್ಚು. ಹಳ್ಳಿಯವರಿಗೆ ಬೇರೇನು ಗತಿ? ಇದು ನಿಜ. ಆದರೆ ಇದು ಮನೆಮದ್ದಿನ ಎಲ್ಲೆಯನ್ನು ಹಿಗ್ಗಿಸಲು ಕಾರಣವಲ್ಲ, ಬಿಗಿ ಮಾಡಲು ಕಾರಣ. ಡೆಂಗಿಯನ್ನೇ ನೋಡಿ. 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಆಗ ಪಪ್ಪಾಯಿ ಎಲೆಯ ರಸಕ್ಕೆ ಎಲ್ಲಿಲ್ಲದ ಬೇಡಿಕೆ. ಪ್ಲೇಟ್‌ಲೆಟ್ ಸಂಖ್ಯೆ ಅದರಿಂದ ಸ್ವಲ್ಪ ಏರಬಹುದೆಂದು ಕೆಲವು ಪ್ರಯೋಗಗಳು ಸೂಚಿಸಿವೆ. ಆದರೆ ಡೆಂಗಿಯಲ್ಲಿ ಮುಖ್ಯವಾಗಿ ಜೀವ ತೆಗೆಯುವುದು ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವುದು, ಅದೂ ಸಾಮಾನ್ಯವಾಗಿ ಜ್ವರ ಇಳಿದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಯಾವ ರಸಕ್ಕೂ ಕಾಯಬಾರದು. ಭೇದಿಯಾದ ಮಗುವಿನ ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಹಾವು ಕಡಿದರೆ, ಕಣ್ಣು ಹಳದಿಯಾದರೆ ಇದೇ ನಿಯಮ. ಪಕ್ಕದ ಬೀದಿಯಲ್ಲೇ ಆಸ್ಪತ್ರೆ ಇರುವವರೂ ತಡಮಾಡಬಾರದು. ಬಸ್ಸು ದಿನಕ್ಕೆರಡೇ ಸಲ ಬರುವ ಊರಿನವರಿಗಂತೂ ಕಳೆಯಲು ಒಂದು ಗಂಟೆಯೂ ಇಲ್ಲ. ಆಸ್ಪತ್ರೆ ದೂರವಿದ್ದಷ್ಟೂ ಬೇಗ ಹೊರಡಬೇಕು. ಯಾವ ಎಲೆ ಯಾವುದಕ್ಕೆ ಎಂದು ತಿಳಿದಿರುವ ಅಮ್ಮನಿಗೆ, ಎಲೆ ಕೆಳಗಿಟ್ಟು ಆಂಬುಲೆನ್ಸ್‌ನ 108ಕ್ಕೆ ಫೋನ್ ಮಾಡುವ ಗಳಿಗೆಯೂ ತಿಳಿದಿದ್ದರೆ ಆಗ ಆ ಮನೆ ಮನೆಮದ್ದು ಕಲಿತಿದೆ ಎನ್ನಬಹುದು.