ಕೊಡುಗೆ ಬಾಡಿಗೆಯಾದ ಕಥೆ

ಕೆಲವು ಫೋಟೊಗಳು ಕಣ್ಣಿಗೆ ಬಿದ್ದ ಮೇಲೆ ಬಿಟ್ಟುಹೋಗುವುದಿಲ್ಲ. 2013ರ ಆಗಸ್ಟ್ 26, ಸೋಮವಾರ. ಈಶಾನ್ಯ ಬ್ರೆಜಿಲ್‌ನ ಫೋರ್ಟಲೆಜಾ ನಗರ. ಆಗಷ್ಟೇ ಕ್ಯೂಬಾದಿಂದ ಬಂದಿಳಿದ ಕಪ್ಪು ವರ್ಣದ ವೈದ್ಯರೊಬ್ಬರು ತರಬೇತಿ ಮುಗಿಸಿ ಹೊರಗೆ ಬರುತ್ತಿದ್ದಾರೆ. ಬಾಗಿಲಾಚೆ ಎರಡೂ ಬದಿಗೆ ಸಾಲುಗಟ್ಟಿ ನಿಂತವರು ಸ್ಥಳೀಯ ವೈದ್ಯರು, ಅನೇಕರ ಮೈಮೇಲೆ ಬಿಳಿ ಕೋಟು. ಬಾಯಿ ಸೊಟ್ಟಗೆ ಮಾಡಿ, ಮುಖಕ್ಕೆ ಮುಖ ತಂದು ಕೂಗುತ್ತಿದ್ದಾರೆ. ಅವರು ಕೂಗಿದ ಮಾತುಗಳಲ್ಲಿ ಒಂದು, 'ಗುಲಾಮರು'.

ಬೇರೆ ಊರಾಗಿದ್ದರೆ ಅದು ಬರೀ ಬೈಗುಳ. ಫೋರ್ಟಲೆಜಾದಲ್ಲಿ ಹಾಗಲ್ಲ. 1881ರಲ್ಲಿ ಇದೇ ಊರಿನ ತೆಪ್ಪದವರು, ದಡದಿಂದ ಹಡಗಿಗೆ ಗುಲಾಮರನ್ನು ಸಾಗಿಸುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ಅವರ ಮುಂದಾಳು ಫ್ರಾನ್ಸಿಸ್ಕೊ ಜೋಸೆ ದೊ ನಾಸಿಮೆಂಟೊನನ್ನು ಜನ 'ಕಡಲ ಡ್ರ್ಯಾಗನ್' ಎಂದು ಕರೆದರು; ಊರಿನ ದೊಡ್ಡ ಕಲಾಕೇಂದ್ರಕ್ಕೆ ಇಂದಿಗೂ ಅದೇ ಹೆಸರು. ಬ್ರೆಜಿಲ್ ಗುಲಾಮಗಿರಿಯನ್ನು ಕೈಬಿಟ್ಟದ್ದು 1888ರಲ್ಲಿ. ಫೋರ್ಟಲೆಜಾ ರಾಜಧಾನಿಯಾಗಿರುವ ಸಿಯಾರಾ ಪ್ರಾಂತ್ಯ ಅದಕ್ಕೂ ನಾಲ್ಕು ವರ್ಷ ಮೊದಲೇ ಕೈಬಿಟ್ಟಿತ್ತು. ಅಂಥ ಊರಲ್ಲಿ ವೈದ್ಯರೇ ವೈದ್ಯನನ್ನು ಗುಲಾಮ ಅನ್ನುತ್ತಾರೆ!

ಕೂಗಿದವರ ಮೇಲೆ ಸಿಟ್ಟು ಬರುತ್ತದೆ. ಆದರೆ ಆ ವೈದ್ಯರ ಸಂಬಳದ ಲೆಕ್ಕ ನೋಡಿದರೆ ಸಿಟ್ಟು ಇನ್ನೊಂದು ದಿಕ್ಕಿಗೂ ತಿರುಗುತ್ತದೆ. ಆ ಲೆಕ್ಕ ಹುಟ್ಟಿದ್ದು ಹೇಗೆ ಎಂದು ಕೆದಕುತ್ತ ಹೋದರೆ ಅರ್ಧ ಶತಮಾನ ಹಿಂದಕ್ಕೆ, ಕ್ಯೂಬಾದ ರಾಜಧಾನಿ ಹವಾನಾಕ್ಕೆ ಹೋಗಬೇಕು.

1962ರ ಅಕ್ಟೋಬರ್ 17ರಂದು ದೇಶದ ನಾಯಕ ಫಿಡೆಲ್ ಕ್ಯಾಸ್ಟ್ರೊ ಅಲ್ಲಿ ಹೊಸ ವೈದ್ಯಕೀಯ ಕಾಲೇಜೊಂದನ್ನು ಉದ್ಘಾಟಿಸಿದರು. ಕ್ರಾಂತಿಗೆ ಮೊದಲು ಕ್ಯೂಬಾದಲ್ಲಿದ್ದ ಸುಮಾರು 6,000 ವೈದ್ಯರಲ್ಲಿ ಅರ್ಧದಷ್ಟು ಮಂದಿ ದೇಶ ಬಿಡುತ್ತಿದ್ದ ಕಾಲ ಅದು. ತನ್ನ ಮನೆಯಲ್ಲೇ ವೈದ್ಯರ ಬರ. ಆದರೂ ಕ್ಯಾಸ್ಟ್ರೊ ಅಂದಿನ ಭಾಷಣದಲ್ಲಿ, ಆಗಷ್ಟೇ ಸ್ವತಂತ್ರವಾಗಿದ್ದ ಅಲ್ಜೀರಿಯಾಕ್ಕೆ 50 ವೈದ್ಯರನ್ನು ಕಳಿಸೋಣ ಎಂದರು. ಫ್ರೆಂಚ್ ವೈದ್ಯರು ಗಂಟುಮೂಟೆ ಕಟ್ಟಿದ್ದರಿಂದ ಅಲ್ಲಿನ ಆಸ್ಪತ್ರೆಗಳು ಬಿಕೋ ಅನ್ನುತ್ತಿದ್ದವು. 1963ರ ಮೇ ತಿಂಗಳಲ್ಲಿ ವೈದ್ಯರು, ದಾದಿಯರು, ತಂತ್ರಜ್ಞರು ಸೇರಿ ಐವತ್ತಕ್ಕೂ ಹೆಚ್ಚು ಜನರ ತಂಡ ಹೊರಟಿತು. ಜೊತೆಗೆ ಹೋದವರು ಆರೋಗ್ಯ ಸಚಿವ ಮಚಾಡೊ ವೆಂಚುರಾ. ಭಿಕ್ಷುಕ ಇನ್ನೊಬ್ಬರಿಗೆ ನೆರವು ನೀಡಲು ಹೊರಟಂತಿತ್ತು ಅದು ಎಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಸಂಬಳ ಕೊಟ್ಟದ್ದು ಕ್ಯೂಬಾ. ಅಲ್ಜೀರಿಯಾದಿಂದ ಅದು ಹಣ ಕೇಳಲಿಲ್ಲ.

ಈ ಕಥೆಯಲ್ಲಿ ನನಗೆ ಪ್ರಿಯವಾದ ಪುಟ ಇದು. ಉಳ್ಳವರು ಕೊಟ್ಟರೆ ಅದರಲ್ಲಿ ಹೆಚ್ಚುಗಾರಿಕೆ ಏನಿದೆ? ತನ್ನ ತಟ್ಟೆಯಲ್ಲೇ ಅರ್ಧ ರೊಟ್ಟಿ ಇರುವಾಗ ಮುರಿದು ಕೊಟ್ಟವರ ಮಾತೇ ಬೇರೆ. ಅದಕ್ಕೇ ಮುಂದಿನ ಪುಟಗಳು ಹೆಚ್ಚು ನೋಯಿಸುತ್ತವೆ.

ನಡುವಿನ ದಶಕಗಳನ್ನು ಬೇಗ ದಾಟೋಣ. ಎಪ್ಪತ್ತರ ದಶಕದಲ್ಲಿ, ಕೊಡುವ ಶಕ್ತಿಯಿದ್ದ ತೈಲ ದೇಶಗಳಿಂದ ಹಣ ಪಡೆಯುವ ಪದ್ಧತಿ ಶುರುವಾಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ ಕ್ಯೂಬಾದ ಒಲೆಗಳೂ ತಣ್ಣಗಾದವು. ಸಕ್ಕರೆ ಕೈಕೊಟ್ಟ ಮೇಲೆ ಮಾರಲು ಉಳಿದದ್ದು ಓದಿಸಿ ಬೆಳೆಸಿದ ವೈದ್ಯರು. 2000ದ ಅಕ್ಟೋಬರ್ 30ರಂದು ವೆನೆಜುವೆಲಾದ ಅಧ್ಯಕ್ಷ ಹ್ಯೂಗೊ ಚಾವೆಜ್ ಜೊತೆ ಒಪ್ಪಂದವಾಯಿತು. ಆ ಕಡೆಯಿಂದ ದಿನಕ್ಕೆ 53,000 ಬ್ಯಾರೆಲ್ ತೈಲ, ಈ ಕಡೆಯಿಂದ ವೈದ್ಯರು, ತರಬೇತುದಾರರು, ತಜ್ಞರು. 2003ರಿಂದ ಕರಾಕಸ್‌ನ ಗುಡ್ಡದ ಕೊಳೆಗೇರಿಗಳಲ್ಲಿ ಎಂಟು ಮೂಲೆಯ ಇಟ್ಟಿಗೆ ಕಟ್ಟಡಗಳು ಎದ್ದವು. ಕೆಳಗೆ ದವಾಖಾನೆ, ಮೇಲೆ ಕ್ಯೂಬಾ ವೈದ್ಯರ ವಾಸ. ಹಿಂದೆಂದೂ ವೈದ್ಯರ ಮುಖ ನೋಡದ ಓಣಿಗಳಿಗೆ ನಡುರಾತ್ರಿಯಲ್ಲೂ ಬಾಗಿಲು ತಟ್ಟಲು ಒಂದು ಮನೆ ಸಿಕ್ಕಿತು. ಇದೂ ಸುಳ್ಳಲ್ಲ. 2018ರ ಹೊತ್ತಿಗೆ ಕ್ಯೂಬಾದ ಸರ್ಕಾರಿ ಅಂಕಿಅಂಶದಲ್ಲಿ ಆರೋಗ್ಯ ಸೇವೆಯ ರಫ್ತು ಸುಮಾರು 640 ಕೋಟಿ ಡಾಲರ್. ಅಲ್ಜೀರಿಯಾದ ಕೊಡುಗೆ ಈಗ ಬಾಡಿಗೆ.

ಬಾಡಿಗೆಯ ಲೆಕ್ಕ ಬಯಲಾದದ್ದು ಬ್ರೆಜಿಲ್‌ನಲ್ಲಿ. 2013ರಲ್ಲಿ ಅಧ್ಯಕ್ಷೆ ದಿಲ್ಮಾ ರುಸೆಫ್ 'ಹೆಚ್ಚು ವೈದ್ಯರು' ಯೋಜನೆ ತಂದಾಗ ಬ್ರೆಜಿಲ್‌ನ ವೈದ್ಯರು ಕಾಲಿಡಲೊಲ್ಲದ ಊರುಗಳು ಬೇಕಾದಷ್ಟಿದ್ದವು. ಮೊದಲ ಸುತ್ತಿನಲ್ಲಿ 701 ಪುರಸಭೆಗಳನ್ನು ಯಾರೂ ಆರಿಸಿಕೊಳ್ಳಲಿಲ್ಲ. ಫೋರ್ಟಲೆಜಾದಲ್ಲಿ ಬೈಸಿಕೊಂಡವರು ಹೊರಟದ್ದು ಅಂಥ ಕಡೆಗೇ. ಯೋಜನೆಯ ವೈದ್ಯರೊಬ್ಬರಿಗೆ ತಿಂಗಳಿಗೆ 10,000 ರಿಯಾಲ್, ಆಗಿನ ದರದಲ್ಲಿ 4,000 ಡಾಲರ್‌ಗೂ ಮೇಲೆ. ಉಳಿದ ದೇಶಗಳಿಂದ ಬಂದವರಿಗೆ ಆ ಹಣ ನೇರ ಕೈಗೆ. ಕ್ಯೂಬಾದವರದ್ದು ಮಾತ್ರ ಪ್ಯಾನ್ ಅಮೆರಿಕನ್ ಆರೋಗ್ಯ ಸಂಸ್ಥೆಯ ಮೂಲಕ ಹವಾನಾಕ್ಕೆ ಹೋಗುತ್ತಿತ್ತು. ವೈದ್ಯರ ಕೈಗೆ 400 ಡಾಲರ್. ಇನ್ನು 600 ಊರಿನ ಖಾತೆಗೆ ಜಮಾ, ಮರಳಿದ ಮೇಲೆ ತೆಗೆದುಕೊಳ್ಳಬೇಕು. 2014ರ ಫೆಬ್ರುವರಿಯಲ್ಲಿ ಅಮೆಜಾನ್ ಸೀಮೆಯಲ್ಲಿ ಕೆಲಸಕ್ಕಿದ್ದ ವೈದ್ಯೆಯೊಬ್ಬರು ಈ ಅಂತರ ತಿಳಿದು ಬ್ರೆಸಿಲಿಯಾಕ್ಕೆ ಬಂದು, ಸಂಸತ್ ಭವನದಲ್ಲಿದ್ದ ವಿರೋಧ ಪಕ್ಷವೊಂದರ ಕಚೇರಿಯಲ್ಲಿ ಆಶ್ರಯ ಪಡೆದರು. ಗದ್ದಲವೆದ್ದಿತು. ಕೈಗೆ ಬರುವ ಮೊತ್ತ 1,245 ಡಾಲರ್‌ಗೆ ಏರಿತು. ಏರಿದ ಮೇಲೂ ಅದು ಮೂರರಲ್ಲೊಂದು ಪಾಲು ಮುಟ್ಟಲಿಲ್ಲ.

ದುಡ್ಡಿನ ಮಾತು ಹಾಗಿರಲಿ. 2010ರಲ್ಲಿ ಕ್ಯೂಬಾ ಸರ್ಕಾರ ವಿದೇಶಕ್ಕೆ ಹೋದವರಿಗೆಂದು ಒಂದು ಶಿಸ್ತಿನ ನಿಯಮಾವಳಿ ಮಾಡಿತ್ತು. ಕ್ರಾಂತಿಯನ್ನು ಒಪ್ಪದವರ ಸ್ನೇಹ ಕೂಡದು. ಪ್ರೀತಿ ಪ್ರೇಮವಿದ್ದರೆ ಮೇಲಿನವರಿಗೆ ತಿಳಿಸಬೇಕು. ಪತ್ರಕರ್ತರ ಜೊತೆ ಮಾತಾಡಲು ಅನುಮತಿ ಬೇಕು. ಇದಲ್ಲದೆ, ಕೆಲಸ ಬಿಟ್ಟು ಹೋದವರು ಎಂಟು ವರ್ಷ ತಾಯ್ನೆಲಕ್ಕೆ ಕಾಲಿಡುವಂತಿರಲಿಲ್ಲ. ಅಷ್ಟರಲ್ಲಿ ಊರಲ್ಲಿ ಬಿಟ್ಟುಬಂದ ಕೂಸು ಅಪ್ಪನ ಮುಖ ಮರೆತಿರುತ್ತದೆ. ವಿಶ್ವಸಂಸ್ಥೆಯ ವಿಶೇಷ ವರದಿಗಾರರು 2019ರಲ್ಲಿ ಕ್ಯೂಬಾಕ್ಕೆ ಬರೆದ ಪತ್ರದಲ್ಲಿ, ಈ ದೂರುಗಳು ನಿಜವಾದರೆ ಇದು ಬಲವಂತದ ದುಡಿಮೆ ಆಗಬಹುದು ಎಂದಿದ್ದರು.

ಹೋದವರೆಲ್ಲ ಸ್ವಇಚ್ಛೆಯಿಂದ ಸಹಿ ಹಾಕಿದವರು, ಬಂದ ಹಣದಿಂದಲೇ ನಮ್ಮ ಜನರಿಗೆ ಉಚಿತ ಚಿಕಿತ್ಸೆ, ಅವರನ್ನು ಓದಿಸಿದ್ದೂ ನಾವೇ ಎನ್ನುತ್ತದೆ ಕ್ಯೂಬಾ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಕನ್ನಡದವರಿಗೆ ಇದಕ್ಕೆ ಒಂದು ಹಳೆಯ ಪದ ಗೊತ್ತು: ಜೀತ. ಜೀತದಲ್ಲಿ ಸಂಕೋಲೆ ಇರಲಿಲ್ಲ, ಸಾಲ ಇತ್ತು. ಅನ್ನ ಹಾಕಿದ್ದೇನೆ ಎಂಬ ಧಣಿಯ ಮಾತು ಸುಳ್ಳೂ ಆಗಿರಲಿಲ್ಲ. ದುಡಿಮೆಯ ಬೆಲೆ ಎಷ್ಟು, ಸಾಲ ತೀರಿದ್ದು ಯಾವಾಗ ಎಂದು ಹೇಳುವ ಬಾಯಿ ಮಾತ್ರ ಧಣಿಯದೊಂದೇ ಆಗಿತ್ತು.

ಇನ್ನು ಅಮೆರಿಕದ ಕನಿಕರ. ವಿದೇಶದಲ್ಲಿರುವ ಕ್ಯೂಬಾ ವೈದ್ಯರು ಕೆಲಸ ಬಿಟ್ಟುಬಂದರೆ ಒಳಗೆ ಸೇರಿಸಿಕೊಳ್ಳುವ ಯೋಜನೆಯನ್ನು ಅದು 2006ರಲ್ಲಿ ತೆರೆದು 2017ರ ಜನವರಿಯಲ್ಲಿ ಮುಚ್ಚಿತು. ಆ ಬಾಗಿಲಿನಿಂದ ಎಷ್ಟೋ ಮಂದಿ ಪಾರಾದರು, ನಿಜ. ಆದರೆ ಹವಾನಾದ ಬೊಕ್ಕಸಕ್ಕೆ ಹೊಡೆಯುವ ಲೆಕ್ಕವೂ ಅದರಲ್ಲಿತ್ತು. ವೈದ್ಯರು ಇಬ್ಬರಿಗೂ ಪಗಡೆಯ ಕಾಯಿ.

2018ರಲ್ಲಿ ಜೈರ್ ಬೋಲ್ಸನಾರೊ ಬ್ರೆಜಿಲ್‌ನ ಅಧ್ಯಕ್ಷ ಚುನಾವಣೆ ಗೆದ್ದರು. ಪೂರ್ತಿ ಸಂಬಳ ವೈದ್ಯರ ಕೈಗೇ ಹೋಗಬೇಕು, ಕುಟುಂಬ ಜೊತೆಗಿರಬೇಕು, ಪದವಿಯ ಮರುಪರೀಕ್ಷೆಯಾಗಬೇಕು ಎಂದರು. ಕೇಳಲು ನ್ಯಾಯವೇ; ಆದರೆ ಜೊತೆಗೇ ಆ ವೈದ್ಯರ ಯೋಗ್ಯತೆಯನ್ನೂ ಹಂಗಿಸಿದರು. ನವೆಂಬರ್ 14ರಂದು ಕ್ಯೂಬಾ ತನ್ನ 8,000ಕ್ಕೂ ಹೆಚ್ಚು ವೈದ್ಯರನ್ನು ವಾಪಸು ಕರೆಯಿತು. ದವಾಖಾನೆಗಳಿಗೆ ಬೀಗ ಬಿತ್ತು. ಮರಳದೆ ಉಳಿದವರಲ್ಲಿ ಕೆಲವರು ಪರೀಕ್ಷೆಯ ದಿನ ಕಾಯುತ್ತ ಅಂಗಡಿಯಲ್ಲಿ ಸಾಮಾನು ತೂಗಿದರು, ಬಾಡಿಗೆ ಕಾರು ಓಡಿಸಿದರು.

ಫೋಟೊದಲ್ಲಿದ್ದ ವೈದ್ಯರು 2013ರಲ್ಲೇ ಪತ್ರಕರ್ತರಿಗೆ ಹೇಳಿದ್ದು, ನಾವು ಗುಲಾಮರೇ ಆದರೆ ಆರೋಗ್ಯಕ್ಕೆ, ರೋಗಿಗಳಿಗೆ ಗುಲಾಮರು ಎಂದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಮಾರಂಭವೊಂದರಲ್ಲಿ ದಿಲ್ಮಾ ಆ ವೈದ್ಯರ ಕ್ಷಮೆ ಕೇಳಿದರು. 400 ಡಾಲರಿನ ಪ್ರಶ್ನೆ ಮಾತ್ರ ಆ ಸಮಾರಂಭದಲ್ಲಿ ಏಳಲಿಲ್ಲ.

ನನಗೆ ಮತ್ತೆ ತೆಪ್ಪದವರು ನೆನಪಾಗುತ್ತಾರೆ. 1881ರಲ್ಲಿ ಅವರು ದಡದಲ್ಲಿ ನಿಂತ ಗುಲಾಮರ ಮುಖಕ್ಕೆ ಹೋಗಿ ಕೂಗಲಿಲ್ಲ. ಸಾಗಿಸಲು ಕೂಲಿ ಹಿಡಿದು ಬಂದ ಒಡೆಯರಿಗೆ, ಆಗೋದಿಲ್ಲ ಎಂದರು.