ಚಿಕೋರಿ ಎಷ್ಟು ಹಾಕಲಿ?

ನೋಡಲು ಅದು ಸಾಲದ ಲೆಕ್ಕ ಬರೆಯುವ ಉದ್ದನೆ ಪುಸ್ತಕದಂತೆಯೇ ಇದೆ. ಕೆಂಪು ಬಟ್ಟೆಯ ಬೆನ್ನು, ಮೂಲೆ ಮಡಿಚಿದ ಹಾಳೆಗಳು, ಅಂಚಿಗೆಲ್ಲ ಕಾಫಿಪುಡಿ ಮೆತ್ತಿದ ಬೆರಳಿನ ಗುರುತು. ಒಳಗೆ ಮಾತ್ರ ದುಡ್ಡಿನ ಸುದ್ದಿಯೇ ಇಲ್ಲ. ‘ಹಳೇ ಪೋಸ್ಟಾಫೀಸ್ ಎದುರು ಮನೆ – ಪೀಬಿ 50, ರೋಬಸ್ಟ 35, ಚಿ 15.’ ‘ವೀಣೆ ಟೀಚರ್ – ಎ 85, ಚಿ 15, ಸಣ್ಣಗೆ.’ ‘ಜಡ್ಜ್ ಸಾಹೇಬರು – ಪ್ಯೂರ್. ಅಮ್ಮಾವ್ರು ಬಂದರೆ 10 ಹಾಕೋದು, ಹೇಳಬಾರದು.’ ಪೀಬಿ, ಎ, ರೋಬಸ್ಟ ಎಂದರೆ ಬೀಜದ ಬಗೆಗಳು; ಚಿ ಎಂದರೆ ಚಿಕೋರಿ.

ಮೈಸೂರಿನ ಅಗ್ರಹಾರದ ಒಳರಸ್ತೆಯೊಂದರಲ್ಲಿ, ಇಬ್ಬರು ಗಿರಾಕಿಗಳು ನಿಂತರೆ ಮೂರನೆಯವರು ಬೀದಿಯಲ್ಲೇ ಕಾಯಬೇಕಾದಷ್ಟು ಪುಟ್ಟ ಕಾಫಿಪುಡಿ ಅಂಗಡಿ. ಸೋದರತ್ತೆಯ ಮನೆಗೆ ಹೊರಟಿದ್ದ ನನಗೆ ಫೋನಿನಲ್ಲಿ ಅಪ್ಪಣೆಯಾಗಿತ್ತು: ‘ಬರ್ತಾ ಅರ್ಧ ಕೆಜಿ ಪುಡಿ ತಗೊಂಡ್ಬಾ. ನಮ್ಮನೇದು ಅಂದ್ರೆ ಸಾಕು, ಅವರಿಗೆ ಗೊತ್ತು.’ ಯಜಮಾನರು ಪುಸ್ತಕ ತೆಗೆದು ಬೆರಳಾಡಿಸಿದರು. ‘ಇಪ್ಪತ್ತೈದು ಅಂತಿದೆ. ಆದರೆ ಹೋದ ಸಲ ಸ್ವಲ್ಪ ಕಮ್ಮಿ ಮಾಡಿ ಅಂದಿದ್ರು. ಒಂದ್ಸಲ ಕೇಳ್ಬಿಡಿ ಸಾರ್, ಚಿಕೋರಿ ಎಷ್ಟು ಹಾಕಲಿ?’ ಅತ್ತೆ ಫೋನ್ ಎತ್ತಲಿಲ್ಲ. ಅವರು ಎತ್ತುವವರೆಗೆ ಪುಸ್ತಕ ನೋಡಬಹುದೇ ಎಂದು ಕೇಳಿದೆ. ಆಮೇಲೆ ಅತ್ತೆಯೇ ತಿರುಗಿ ಮಾಡಿದರೂ ಅಲ್ಲಿಂದ ಏಳುವ ಮನಸ್ಸಾಗಲಿಲ್ಲ.

ಪುಸ್ತಕದ ಸ್ವಾರಸ್ಯವಿರುವುದು ಹೊಡೆದುಹಾಕಿದ ಅಂಕಿಗಳಲ್ಲಿ. ವೀಣೆ ಟೀಚರ ಸಾಲಿನಲ್ಲಿ 15ಕ್ಕೆ ಅಡ್ಡಗೆರೆ ಬಿದ್ದು 20 ಆಗಿದೆ, ಅದಕ್ಕೂ ಗೆರೆ ಬಿದ್ದು 30 ಆಗಿದೆ. ಮೊದಲ ಗೆರೆ ಸೊಸೆ ಬಂದ ಮೇಲಿನದು. ಆಕೆಯ ತವರಿನಲ್ಲಿ ಕಾಫಿ ಕಪ್ಪಗಿರಬೇಕಂತೆ. ಎರಡನೆಯದು 2024ರಿಂದೀಚೆಗೆ ಕಾಫಿ ಬೀಜದ ಬೆಲೆ ಸಿಕ್ಕಾಪಟ್ಟೆ ಏರಿದಾಗಿನದು. ಇನ್ನೊಂದು ಮನೆಯ ಮುಂದೆ ‘ದೊಡ್ಡವರು ಹೋದರು, ಪೀಬಿ ಬೇಡ’ ಎಂದಷ್ಟೇ ಇದೆ. ಮತ್ತೊಂದರಲ್ಲಿ ರೋಬಸ್ಟ ಪೂರ್ತಿ ಕಾಣೆಯಾಗಿ ಪಕ್ಕದಲ್ಲಿ ‘ಡಾಕ್ಟರ್’ ಎಂದು ಬರೆದಿದೆ. ‘ರುಚಿ ಬದಲಾಯ್ತು ಅಂತಾರೆ ಸಾರ್,’ ಅಂದರು ಯಜಮಾನರು, ‘ರೇಟು ಜಾಸ್ತಿ ಆಯ್ತು ಅಂತ ಒಬ್ಬರೂ ಬಾಯ್ಬಿಡಲ್ಲ.’

ಕಾಫಿಯ ಮಾತು ಬಂದಾಗ ‘ನಮ್ಮ ಟೇಸ್ಟೇ ಬೇರೆ’ ಎಂದು ಎದೆ ತಟ್ಟಿಕೊಳ್ಳುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಆ ಟೇಸ್ಟನ್ನು ಅರ್ಧ ಅಜ್ಜ ಗೊತ್ತುಮಾಡಿರುತ್ತಾನೆ, ಉಳಿದರ್ಧ ಮಾರುಕಟ್ಟೆ. ಬಾಬಾ ಬುಡನ್‌ರ ಏಳು ಬೀಜದ ಕಥೆ ಎಲ್ಲರಿಗೂ ಗೊತ್ತು, ಬಿಡಿ. ಆದರೆ 1942ರ ಕಾಯ್ದೆಯಿಂದ ಹಿಡಿದು 1990ರ ದಶಕದವರೆಗೆ ಬೆಳೆಗಾರರು ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲಿಗೇ ಹಾಕಬೇಕಿತ್ತು, ಪುಡಿ ಅಂಗಡಿಗಳಿಗೆ ಬೀಜ ಬರುತ್ತಿದ್ದುದು ಆ ಪೂಲಿನ ಹರಾಜಿನಿಂದ ಎನ್ನುವುದನ್ನು ಇಂದಿನವರು ಮರೆತಿದ್ದಾರೆ. ಈಗ ತಲೆಮಾರಿನ ರುಚಿ ಎಂದು ಹೊಗಳಿಕೊಳ್ಳುವ ಎಷ್ಟೋ ಹದಗಳು ಆ ಕಾಲದಲ್ಲಿ ಸಿಕ್ಕಿದ್ದನ್ನು ಹೊಂದಿಸಿಕೊಂಡು ಹುಟ್ಟಿದವು.

ಹೊಂದಿಸಿಕೊಳ್ಳಲು ನೆರವಾದದ್ದು ಚಿಕೋರಿ. ಪಾಪ, ಇಷ್ಟು ಬೈಸಿಕೊಂಡ ಬೇರು ಇನ್ನೊಂದಿಲ್ಲ. ನೀಲಿ ಹೂ ಬಿಡುವ ಗಿಡ; ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಗುಜರಾತಿನ ಜಾಮ್‌ನಗರದ ಕಡೆಯಿಂದ, ಉತ್ತರಪ್ರದೇಶದ ಏಟಾ ಕಡೆಯಿಂದ. ಬೇರನ್ನು ಹೆಚ್ಚಿ, ಒಣಗಿಸಿ, ಹುರಿದಾಗ ಅದರೊಳಗಿನ ಇನ್ಯುಲಿನ್ ಎಂಬ ಪಿಷ್ಟದಂಥ ಅಂಶ ಕಂದಿ, ಕಪ್ಪು ಬಣ್ಣವನ್ನೂ ಸುಟ್ಟ ಸಕ್ಕರೆಯಂಥ ವಾಸನೆಯನ್ನೂ ಕೊಡುತ್ತದೆ. ಕೆಫೀನ್ ಲವಲೇಶವೂ ಇಲ್ಲ. ಮಳೆಗಾಲದಲ್ಲಿ ತೇವ ಹೀರಿ ಗಟ್ಟಿಯಾಗುವುದರಿಂದ ಅಂಗಡಿಯವರು ಅದರ ಡಬ್ಬಿಯ ಮುಚ್ಚಳವನ್ನು ಬಟ್ಟೆ ಸುತ್ತಿ ಬಿಗಿದಿದ್ದರು. ಚಿಕೋರಿ ಸೇರಿದರೆ ಪುಡಿ ನೀರು ಹಿಡಿದುಕೊಳ್ಳುತ್ತದೆ, ಫಿಲ್ಟರಿನಲ್ಲಿ ಡಿಕಾಕ್ಷನ್ ನಿಧಾನವಾಗಿ ಇಳಿಯುತ್ತದೆ, ಹಾಲು ಧಾರಾಳವಾಗಿ ಬಿದ್ದರೂ ಬಣ್ಣ ಸೋಲುವುದಿಲ್ಲ.

ಯಜಮಾನರ ಮಗ ಒಂದು ಗಾಜಿನ ಲೋಟದಲ್ಲಿ ತಣ್ಣೀರು ತಂದಿಟ್ಟ. ಮೊದಲು ಬರೀ ಕಾಫಿಪುಡಿ ಉದುರಿಸಿದ. ಎಣ್ಣೆಯ ಪಸೆಯಿರುವ ಪುಡಿ ನೀರಿನ ಮೇಲೆ ಚದುರಿ ಹಾಗೇ ತೇಲುತ್ತಾ ನಿಂತಿತು. ಆಮೇಲೆ ಒಂದು ಚಿಟಿಕೆ ಚಿಕೋರಿ ಹಾಕಿದ. ಅದು ಮೇಲೆ ಕ್ಷಣವೂ ನಿಲ್ಲದೆ ಮುಳುಗಿತು, ಮುಳುಗುತ್ತಾ ಒಂದೊಂದು ಕಣವೂ ತನ್ನ ಹಿಂದೆ ಕೆಂಗಂದು ಎಳೆ ಬಿಡುತ್ತಾ ಹೋಯಿತು. ಲೋಟದ ತಳ ಸೇರುವಷ್ಟರಲ್ಲಿ ನೀರಿಗೆ ಬಣ್ಣ. ಯಾವ ಪ್ಯಾಕೆಟ್ಟಿನ ಮೇಲೆ ಏನೇ ಬರೆದಿರಲಿ, ಮನೆಯಲ್ಲಿ ಈ ಪರೀಕ್ಷೆ ಮಾಡಿ ನೋಡಬಹುದು.

ಈ ಬೇರಿನ ಬೆನ್ನು ಹತ್ತಿದರೆ ಯುರೋಪಿಗೇ ಹೋಗಬೇಕು. ಪ್ರಷ್ಯದ ದೊರೆ ಫ್ರೆಡರಿಕ್‌ಗೆ ಕಾಫಿಗಾಗಿ ದುಡ್ಡು ಪರದೇಶಕ್ಕೆ ಹೋಗುತ್ತದಲ್ಲ ಎಂಬ ಸಂಕಟ. 1781ರಲ್ಲಿ ಆತ ಹುರಿಯುವ ಹಕ್ಕನ್ನೇ ಸರ್ಕಾರದ ವಶಕ್ಕೆ ತೆಗೆದುಕೊಂಡು, ಕದ್ದು ಹುರಿಯುವವರನ್ನು ವಾಸನೆಯಿಂದಲೇ ಹಿಡಿಯಲು ಮಾಜಿ ಸೈನಿಕರನ್ನು ಬೀದಿಗೆ ಬಿಟ್ಟ. ಜನ ಚಿಕೋರಿ ಕುಡಿದರು. 1806ರಲ್ಲಿ ನೆಪೋಲಿಯನ್ ಬ್ರಿಟಿಷರ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಫ್ರಾನ್ಸಿನಲ್ಲೂ ಅದೇ ಗತಿ. ದಿಗ್ಬಂಧನ ತೆರವಾದ ಮೇಲೂ ಅಲ್ಲಿನವರ ನಾಲಿಗೆ ಅದನ್ನು ಬಿಡಲಿಲ್ಲ. ಇಂಗ್ಲೆಂಡಿನಲ್ಲಿ 1850ರ ದಶಕದ ಹೊತ್ತಿಗೆ ಆರ್ಥರ್ ಹ್ಯಾಸಲ್ ಎಂಬ ವೈದ್ಯ ಸೂಕ್ಷ್ಮದರ್ಶಕ ಹಿಡಿದು ಕೂತು, ಲಂಡನ್ನಿನ ಅಂಗಡಿಗಳ ‘ಶುದ್ಧ’ ಕಾಫಿಯಲ್ಲಿ ಎಷ್ಟು ಚಿಕೋರಿ ಇದೆಯೆಂದು ಪತ್ರಿಕೆಯಲ್ಲಿ ಬಯಲು ಮಾಡಿದ.

ನನಗೆ ಇದಕ್ಕಿಂತ ಮಜಾ ಕೊಡುವುದು ಕ್ಯಾಂಪ್ ಕಾಫಿಯ ಶೀಶೆ. 1876ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ, ನೀರಿಗೆ ಬೆರೆಸಿದರಾಯಿತು ಎನ್ನುವಂಥ ಪಾಕ. ಕಾಫಿಗಿಂತ ಚಿಕೋರಿ, ಸಕ್ಕರೆಗಳೇ ಅದರಲ್ಲಿ ಹೆಚ್ಚು. ಭಾರತದಲ್ಲಿದ್ದ ಸ್ಕಾಟಿಷ್ ಪಡೆಗೆಂದೇ ಮಾಡಿದ್ದು ಎನ್ನುವ ಕಥೆಯೂ ಅಂಟಿಕೊಂಡಿದೆ. ಶೀಶೆಯ ಚೀಟಿಯಲ್ಲಿ ಡೇರೆಯ ಮುಂದೆ ಕೂತು ಕಾಫಿ ಹೀರುವ ಸ್ಕಾಟಿಷ್ ಯೋಧ, ಪಕ್ಕದಲ್ಲಿ ತಟ್ಟೆ ಹಿಡಿದು ನಿಂತ ಸಿಖ್ ಸೇವಕ. ಸಾಮ್ರಾಜ್ಯ ಮುಳುಗಿದ ಮೇಲೆ ಮೊದಲು ಆತನ ಕೈಯ ತಟ್ಟೆ ಮಾಯವಾಯಿತು, ಆದರೂ ನಿಂತೇ ಇದ್ದ. 2006ರಲ್ಲಿ ಕೊನೆಗೂ ಆತನನ್ನು ಕೂರಿಸಿ, ಕೈಗೊಂದು ಕಪ್ಪು ಕೊಟ್ಟರು. ನೂರಮೂವತ್ತು ವರ್ಷ ಬೇಕಾಯಿತು ಒಂದು ಕಪ್ ಕಾಫಿಗೆ, ಅದೂ ಚಿಕೋರಿ ನೀರಿಗೆ!

ಚಿಕೋರಿ ಎಷ್ಟಿರಬಹುದೆಂಬ ಜಗಳವನ್ನು ನಮ್ಮ ಕಾನೂನು ಒಂದು ಅಂಕಿಯಲ್ಲಿ ಮುಗಿಸಿದೆ. ಕಾಫಿ–ಚಿಕೋರಿ ಮಿಶ್ರಣ ಎಂದು ಮಾರುವುದಾದರೆ ತೂಕದಲ್ಲಿ ಕಾಫಿ ಶೇ 51ಕ್ಕೆ ಕಡಿಮೆಯಿರಬಾರದು, ಪ್ರಮಾಣವನ್ನು ಪ್ಯಾಕೆಟ್ಟಿನ ಮೇಲೆ ಹಾಕಬೇಕು. ಹೋಟೆಲಿನವರು ಸಾಮಾನ್ಯವಾಗಿ ಕೇಳುವುದು ಅರವತ್ತಕ್ಕೆ ನಲವತ್ತಂತೆ. ‘ಬಣ್ಣ ಬೇಕು, ಕೆಜಿಗೆ ನಾಲ್ಕು ಲೋಟ ಜಾಸ್ತಿ ಇಳೀಬೇಕು ಅವರಿಗೆ’ ಎಂದ ಮಗ. ಹೋಟೆಲಿನ ಕಾಫಿಯನ್ನು ಹೊಗಳಿ ಮನೆಯಲ್ಲಿ ಪ್ಯೂರ್ ಕುಡಿಯುತ್ತೇವೆ ಎನ್ನುವವರಿಗೆ ಇದು ಗೊತ್ತಿದ್ದರೆ ಒಳ್ಳೆಯದು.

ಕಾಫಿಯ ವಿಷಯದಲ್ಲಿ ಹಟ ಹಿಡಿಯುವವರಿಗೆ ಈ ಊರಿನಲ್ಲಿ ದೊಡ್ಡ ಹೆಸರಿನ ಬೆಂಬಲವೂ ಉಂಟು. ಯಾದವಗಿರಿಯ ಆರ್.ಕೆ. ನಾರಾಯಣ್ 1956ರಲ್ಲಿ ಅಮೆರಿಕಕ್ಕೆ ಹೋದಾಗ, ಕಾಫಿ ಕಪ್ಪೋ ಬಿಳಿಯೋ ಎಂದು ಕೇಳಿದ ಉಪಾಹಾರ ಗೃಹದವನೊಂದಿಗೆ ಬಣ್ಣದ ವಿಷಯಕ್ಕೆ ತಕರಾರು ತೆಗೆದದ್ದನ್ನು ತಮ್ಮ ಪ್ರವಾಸದ ಪುಸ್ತಕದಲ್ಲಿ ಬರೆದಿದ್ದಾರೆ. ಮೈಸೂರಿಗರ ಪಾಲಿಗೆ ಅದು ವೇದವಾಕ್ಯ.

ಪೀಬಿಯ ಗೌರವವೂ ನನಗೆ ಅರ್ಥವಾಗುವುದಿಲ್ಲ. ಹಣ್ಣಿನಲ್ಲಿ ಎರಡು ಬೀಜ ಬೆಳೆಯಬೇಕಾದಲ್ಲಿ ಒಂದೇ ಬೆಳೆದು ದುಂಡಗಾದರೆ ಅದು ಪೀಬರಿ. ದುಂಡಗಿರುವುದರಿಂದ ಹುರಿಯುವ ಡ್ರಮ್ಮಿನಲ್ಲಿ ಚೆನ್ನಾಗಿ ಉರುಳುತ್ತದೆ ಎನ್ನುವುದು ಒಪ್ಪುವ ಮಾತು. ರುಚಿಯೇ ಬೇರೆ ಎನ್ನುವುದನ್ನು ನಾನಿನ್ನೂ ಪೂರ್ತಿ ನಂಬಿಲ್ಲ. ಇತ್ತ ರೋಬಸ್ಟ ಎಂದರೆ ಮೂಗು ಮುರಿಯುತ್ತೇವೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು, ಒಟ್ಟು ಬೆಳೆಯಲ್ಲಿ ಹೆಚ್ಚಿನ ಪಾಲು ರೋಬಸ್ಟ. ಅರೇಬಿಕಾಕ್ಕಿಂತ ಸರಿಸುಮಾರು ಎರಡು ಪಟ್ಟು ಕೆಫೀನ್ ಅದರಲ್ಲಿದೆ. ‘ಕಿಕ್ ಇಲ್ಲ’ ಎಂದು ದೂರುವವರಿಗೆ ಬೇಕಾದದ್ದು ಅದೇ. ಕೊಡಗಿನ ಮನೆಗಳಲ್ಲಿ ಹಾಲಿಲ್ಲದೆ ಬೆಲ್ಲ ಹಾಕಿ ಕೊಡುವ ಕಾಪಿ ಕುಡಿದವರು ರೋಬಸ್ಟದ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ. ಬೆಲ್ಲದ ಮಣ್ಣುವಾಸನೆಯನ್ನು ಎದುರಿಸಿ ನಿಲ್ಲಲು ಅಂಥ ಗಟ್ಟಿ ಕಹಿಯೇ ಬೇಕು.

ಹಾಲಿನ ಮಾತು ಎತ್ತಿದರೆ ಬೇಗ ಮುಗಿಯುವುದಿಲ್ಲ. ಶೇ 3 ಜಿಡ್ಡಿನ ಟೋನ್ಡ್ ಹಾಲು ಹಾಕಿ, ಡಿಕಾಕ್ಷನ್ ತೆಳುವಾಯಿತು ಎಂದು ಪುಡಿಯನ್ನು ಬೈಯುವವರೇ ಹೆಚ್ಚು; ಶೇ 6ರ ಗಟ್ಟಿ ಹಾಲಿಗೆ ಬದಲಾಯಿಸಿದರೆ ಅದೇ ಪುಡಿ ಮನೆತನದ ಪುಡಿಯಾಗುತ್ತದೆ. ಸಕ್ಕರೆ ಅವರವರ ರಕ್ತಪರೀಕ್ಷೆಗೆ ಬಿಟ್ಟದ್ದು. ‘ಸ್ಟ್ರಾಂಗ್’ ಎಂಬ ಮಾತಿಗಂತೂ ಅಳತೆಯೇ ಇಲ್ಲ: ಒಬ್ಬರಿಗೆ ಅದು ಕಹಿ, ಇನ್ನೊಬ್ಬರಿಗೆ ಕಡಿಮೆ ಹಾಲು, ಬೈ ಟೂ ಹೇಳುವವರಿಗೆ ಲೋಟ ಬಾಯಿ ಸುಡುವಷ್ಟು ಬಿಸಿ.

ನನ್ನದೇನು ಎಂದು ಯಜಮಾನರು ಕೇಳಿದರು. ಎ 50, ರೋಬಸ್ಟ 30, ಚಿಕೋರಿ 20 ಎಂದೆ, ಬರೆದುಕೊಂಡರು. ಚಿಕೋರಿ ಕುಡಿಯುವುದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮಿಕ್ಕ ವಿಷಯಗಳಲ್ಲೂ ನಾನು ಉದಾರಿಯೇ: ಹಾಲು ಯಾವುದೇ ಇರಲಿ, ಸಕ್ಕರೆ ಎಷ್ಟೇ ಇರಲಿ, ಲೋಟ ಸ್ಟೀಲಿನದಿರಲಿ ಪಿಂಗಾಣಿಯದಿರಲಿ. ಬೆಳಗ್ಗೆಯ ಚರಟದ ಮೇಲೆ ಮತ್ತೆ ಬಿಸಿನೀರು ಹುಯ್ದು ಇಳಿಸಿದ ಎರಡನೇ ಡಿಕಾಕ್ಷನ್ನನ್ನು ಸಂಜೆ ಬಂದ ನೆಂಟರಿಗೆ ಕೊಡುವವರ ಮನೆಗೆ ಮಾತ್ರ ನಾನು ಊಟದ ಹೊತ್ತಿಗೇ ಹೋಗುತ್ತೇನೆ.