ಎತ್ತಿಟ್ಟ ಬೀಜದ ಮೇಲೆ ರೈತನ ಹಕ್ಕು

ಹಿಂಗಾರಿ ಕಡಲೆಯ ರಾಶಿ ಮುಗಿದ ಮೇಲೆ ಒಳ್ಳೆಯ ಕಾಳು ಆರಿಸಿ, ಒಣಗಿಸಿ, ಮುಂದಿನ ಬಿತ್ತನೆಗೆ ಎತ್ತಿಡುವುದು ನವಲಗುಂದ, ಅಣ್ಣಿಗೇರಿ ಸೀಮೆಯ ಎರಿ ಹೊಲದ ರೈತರ ಹಳೆಯ ರೂಢಿ. ನೆರೆಯವರಿಗೆ ಬೀಜ ಕಡ ಕೊಡುವುದು, ಬೀಗರ ಊರಿಗೆ ಒಂದು ಚೀಲ ಕಳಿಸುವುದು, ಹೆಚ್ಚಾದದ್ದನ್ನು ಮಾರುವುದು ಇವೂ ಹೊಸತಲ್ಲ. ಆದರೆ ಈಗ ಪುಸ್ತಕ ಬರೆದವರಿಗೆ, ಹಾಡು ಕಟ್ಟಿದವರಿಗೆ ಇರುವಂತೆ ಹೊಸ ತಳಿ ಸಿದ್ಧಪಡಿಸಿದವರಿಗೂ ಕಾನೂನಿನಲ್ಲಿ ಒಡೆತನವಿದೆ. ಹಾಗಾದರೆ ಎತ್ತಿಟ್ಟ ಬೀಜ ಬಿತ್ತಿದ್ದಕ್ಕೆ ಕಂಪನಿಯವರು ನಿಮ್ಮನ್ನು ಕೋರ್ಟಿಗೆ ಎಳೆಯಬಹುದೇ?

ಗುಜರಾತಿನಲ್ಲಿ ಹಾಗೆ ಆಗಿದೆ. ಅಲ್ಲಿನ ಕೆಲವು ರೈತರು ತನ್ನ ಹೆಸರಿನಲ್ಲಿ ನೋಂದಣಿಯಾದ ಎಫ್‌ಎಲ್ 2027 ಆಲೂಗಡ್ಡೆ ಬೆಳೆದರೆಂದು ಪೆಪ್ಸಿಕೋ ಕಂಪನಿ 2019ರಲ್ಲಿ ದಾವೆ ಹೂಡಿತು. ನಾಲ್ವರಿಂದ ತಲಾ ಒಂದು ಕೋಟಿ ರೂಪಾಯಿಗೂ ಮೇಲ್ಪಟ್ಟು ಪರಿಹಾರ ಕೇಳಿತು. ನಾಡಿನೆಲ್ಲೆಡೆ ಗದ್ದಲವೆದ್ದ ಮೇಲೆ ಅದೇ ವರ್ಷದ ಮೇ ತಿಂಗಳಲ್ಲಿ ದಾವೆಗಳನ್ನು ಹಿಂದಕ್ಕೆ ಪಡೆಯಿತು. 2021ರಲ್ಲಿ ಆ ತಳಿಯ ನೋಂದಣಿಯೇ ರದ್ದಾಯಿತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಆ ರದ್ದತಿಯನ್ನು ತಳ್ಳಿಹಾಕಿತು. ಈ ಜಗ್ಗಾಟ ನಡೆದದ್ದು ಕಂಪನಿಯ ನೋಂದಣಿಯ ಬಗ್ಗೆ. ರೈತನಿಗೆ ಕಾನೂನು ಕೊಟ್ಟ ಹಕ್ಕು ಅಳಿದಿಲ್ಲ.

ಆ ಹಕ್ಕು ಯಾವುದು? ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರಲ್ಲಿ ಬಂದಿತು. ಅದರ 39ನೆಯ ಕಲಮು ನೆನಪಿನಲ್ಲಿಡಿ. ನೋಂದಣಿಯಾದ ತಳಿಯಾದರೂ ರೈತನು ತನ್ನ ಬೆಳೆಯ ಬೀಜವನ್ನು ಎತ್ತಿಡಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ಅದಲುಬದಲು ಮಾಡಬಹುದು, ಹಂಚಬಹುದು, ಮಾರಲೂಬಹುದು. ಒಂದೇ ನಿರ್ಬಂಧವಿದೆ. ಚೀಲಕ್ಕೋ ಪೊಟ್ಟಣಕ್ಕೋ ತುಂಬಿ, ಇದು ನೋಂದಾಯಿತ ಇಂಥ ತಳಿ ಎಂದು ಚೀಟಿ ಅಂಟಿಸಿ ಮಾರುವಂತಿಲ್ಲ. 1966ರ ಬೀಜ ಕಾಯ್ದೆಯ 24ನೆಯ ಕಲಮಿನಲ್ಲಿಯೂ, ತಾನೇ ಬೆಳೆದ ಬೀಜವನ್ನು ತನ್ನ ಸ್ಥಳದಲ್ಲಿಯೇ ಬಿತ್ತುವವನ ಕೈಗೆ ನೇರವಾಗಿ ಮಾರುವವನಿಗೆ ವಿನಾಯಿತಿ ಇದೆ. ಅಂಗಡಿ ತೆರೆದು ಬೀಜ ವ್ಯಾಪಾರ ಮಾಡುವುದು ಬೇರೆ ಮಾತು. ಅದಕ್ಕೆ ಪರವಾನಗಿ ಬೇಕು.

ತಳಿಯ ಮೇಲೆ ಒಬ್ಬರಿಗೆ ಒಡೆತನವಿದೆ ಎಂಬುದೇ ತಿಳಿಯದೆ ರೈತನು ಬೆಳೆದಿದ್ದರೆ ಅದು ಹಕ್ಕಿನ ಉಲ್ಲಂಘನೆಯಾಗದು ಎಂದು 42ನೆಯ ಕಲಮು ಹೇಳುತ್ತದೆ.

ಒಡೆತನಕ್ಕೂ ಅವಧಿ ಉಂಟು. ಹೊಲದ ಬೆಳೆಗಳಿಗೆ ಅದು ಒಟ್ಟು 15 ವರ್ಷ. ನಮ್ಮ ಅಣ್ಣಿಗೇರಿಯ ಹೆಸರು ಹೊತ್ತ ಅಣ್ಣಿಗೇರಿ-1 ಕಡಲೆ 1978ರಲ್ಲಿ ಬಿಡುಗಡೆಯಾಯಿತು. ಸರ್ಕಾರ ಅಧಿಸೂಚನೆ ಹೊರಡಿಸಿದ ಹಳೆಯ ತಳಿಗಳಿಗೆ ಆ ಅಧಿಸೂಚನೆಯ ದಿನದಿಂದಲೇ ಲೆಕ್ಕ. ಆದ್ದರಿಂದ ಈ ಕಡಲೆಯ ಮೇಲೆ ಇಂದು ಯಾರೂ ಒಡೆತನ ಹೇಳಲಾರರು. ಅದು ಎಲ್ಲರ ಸೊತ್ತು.

ಕಾನೂನು ಬಿಟ್ಟರೂ ಬೆಳೆಯ ಗುಣ ಬಿಡದು ಎಂಬುದನ್ನೂ ತಿಳಿದಿರಬೇಕು. ಕಡಲೆ, ಹೆಸರು, ಶೇಂಗಾ, ಭತ್ತ ತಮ್ಮೊಳಗೇ ಪರಾಗಸ್ಪರ್ಶವಾಗುವ ಬೆಳೆಗಳು. ಬೆರಕೆ ಗಿಡ ಕಿತ್ತು, ರೋಗವಿಲ್ಲದ ತಾಕಿನಿಂದ ಬೀಜ ಎತ್ತಿಟ್ಟರೆ ತಳಿ ಕೆಡುವುದಿಲ್ಲ. ಹೈಬ್ರಿಡ್ ಹತ್ತಿ, ಗೋವಿನಜೋಳದ ಮಾತು ಹಾಗಲ್ಲ. ಧಾರವಾಡದಲ್ಲಿಯೇ ಸಿದ್ಧವಾದ ವರಲಕ್ಷ್ಮಿ, ಡಿ.ಸಿ.ಎಚ್.-32 ಹತ್ತಿಗಳನ್ನು ಬೆಳೆದವರಿಗೆ ಇದು ಗೊತ್ತು. ಎರಡನೆಯ ವರ್ಷ ಅದರ ಬೀಜ ಬಿತ್ತಿದರೆ ಗಿಡ ಒಂದರಂತೆ ಒಂದಿರದು, ಇಳುವರಿಯೂ ಇಳಿಯುತ್ತದೆ. ಅಲ್ಲಿ ನಿಮ್ಮನ್ನು ಪ್ರತಿ ವರ್ಷ ಅಂಗಡಿಗೆ ಕಳಿಸುವುದು ಕಾಯ್ದೆಯಲ್ಲ, ಬೀಜದ ಗುಣ.

ಇನ್ನು ನೀವೂ ತಳಿಯ ಒಡೆಯರಾಗಬಹುದು. ಕಲಘಟಗಿಯ ಯಾವುದೋ ಹಳ್ಳಿಯಲ್ಲಿ ಹಿರಿಯರ ಕಾಲದಿಂದ ಉಳಿದು ಬಂದ ಭತ್ತವಿರಬಹುದು. ಕುಂದಗೋಳದ ಹೊಲದಲ್ಲಿ ವರ್ಷವರ್ಷ ಆರಿಸಿ ಉಳಿಸಿದ ಮೆಣಸಿನಕಾಯಿ ಇರಬಹುದು. ಅದು ಬೇರೆ ತಳಿಗಳಿಂದ ಭಿನ್ನವಾಗಿದ್ದು, ಗುಣ ಒಂದೇ ತೆರನಾಗಿ ನಿಲ್ಲುವಂತಿದ್ದರೆ ರೈತರ ತಳಿ ಎಂದು ನೋಂದಾಯಿಸಬಹುದು. ಒಬ್ಬರೇ ಅರ್ಜಿ ಹಾಕಬಹುದು, ಊರವರು ಕೂಡಿಯೂ ಹಾಕಬಹುದು. ರೈತನಿಗೆ ಶುಲ್ಕವಿಲ್ಲ. ತಳಿ ಪ್ರಾಧಿಕಾರದ ಶಾಖಾ ಕಚೇರಿ ಶಿವಮೊಗ್ಗದಲ್ಲಿದೆ. ಅರ್ಜಿಯ ವಿವರಕ್ಕೆ ಧಾರವಾಡ ಕೃಷಿ ವಿಶ್ವವಿದ್ಯಾಲಯದವರನ್ನು ಕೇಳಿರಿ.

ಕೊಂಡ ಬೀಜ ಮೋಸ ಮಾಡಿದರೆ? ನೋಂದಾಯಿತ ತಳಿ ಕಂಪನಿ ಹೇಳಿದಷ್ಟು ಫಲ ಕೊಡದಿದ್ದರೆ ಪ್ರಾಧಿಕಾರದ ಮುಂದೆ ಪರಿಹಾರ ಕೇಳಲು ಅದೇ 39ನೆಯ ಕಲಮಿನಲ್ಲಿ ಅವಕಾಶವಿದೆ. ಬೀಜ ಕೊಂಡ ರೈತ ಗ್ರಾಹಕನೇ ಸರಿ, ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಎಂದು ಸುಪ್ರೀಂ ಕೋರ್ಟು 2012ರಲ್ಲಿ ತೀರ್ಪು ಕೊಟ್ಟಿದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಆದರೆ ಬರಿ ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ. ಆದ್ದರಿಂದ:

ಅಂಗಡಿಯಿಂದ ಪಕ್ಕಾ ರಶೀದಿ ಪಡೆಯಿರಿ. ಅದರಲ್ಲಿ ತಳಿಯ ಹೆಸರು, ಲಾಟ್ ಸಂಖ್ಯೆ ಇರಲಿ.

ಖಾಲಿ ಚೀಲ, ಅದರ ಚೀಟಿ ಮತ್ತು ಹಿಡಿಯಷ್ಟು ಬೀಜವನ್ನು ರಾಶಿ ಆಗುವ ತನಕ ಕಾಯ್ದಿಡಿ.

ನಾಟಿಗೆ ಬಾರದಿದ್ದರೆ, ಕಾಯಿ ಕಟ್ಟದಿದ್ದರೆ ಹೊಲ ಹರಗುವ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಬರೆದು ತಿಳಿಸಿ, ಪರಿಶೀಲನೆ ಮಾಡಿಸಿ, ವರದಿಯ ನಕಲು ಪಡೆಯಿರಿ.

ಕಂಪನಿಯೊಂದಿಗೆ ಬೆಳೆ ಒಪ್ಪಂದ ಮಾಡಿಕೊಳ್ಳುವಾಗ ಬೀಜ ಎತ್ತಿಡುವ ಬಗ್ಗೆ ಏನು ಬರೆದಿದೆ ಎಂದು ಓದಿಸಿಕೊಂಡೇ ರುಜು ಹಾಕಿರಿ.

ಯಾರಾದರೂ ವಕೀಲರ ನೋಟೀಸು ಕಳಿಸಿದರೆ ಹೆದರಿ ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಬೇಡಿ. ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿರಿ. ಸಲಹೆಗೆ ಹಣ ಕೊಡಬೇಕಿಲ್ಲ. ಹೋಗುವಾಗ 39 ಮತ್ತು 42 ಎಂಬ ಎರಡು ಕಲಮುಗಳ ಅಂಕೆ ಬರೆದುಕೊಂಡು ಹೋಗಿರಿ.